ಸತ್ತವರಿಗೆ ಕ್ಷಮೆ, ಬದುಕಿದ್ದವರಿಗೆ ಮೌನ: ನಾಟಕಕಾರ ಯೂಜೀನ್ ಓನೀಲ್ ಅವರ ಜೀವನ

ಪಾತ್ರಧಾರಿಗಳು ಐದೇ ಮಂದಿ. ರಂಗಸಜ್ಜಿಕೆ ಒಂದೇ, ಅದೂ ಒಂದು ಸಾಧಾರಣ ಮನೆಯ ಚಾವಡಿ. ಮೇಜು, ನಾಲ್ಕಾರು ಕುರ್ಚಿ, ಪುಸ್ತಕದ ಕಪಾಟು, ಮೇಲೆ ತೂಗುವ ವಿದ್ಯುತ್ ದೀಪ ಇದ್ದರೆ ಸಾಕು. ಅಮೆರಿಕದ ನಾಟಕಕಾರ ಯೂಜೀನ್ ಓನೀಲ್ ಅವರ ಲಾಂಗ್ ಡೇಸ್ ಜರ್ನಿ ಇನ್‌ಟು ನೈಟ್ ನಾಟಕವನ್ನು ಹವ್ಯಾಸಿ ತಂಡವೊಂದು ಆಡಲು ತೀರ್ಮಾನಿಸಿದಾಗ ಮೊದಲು ಕಾಣುವ ಅನುಕೂಲಗಳಿವು. ಒಂದು ಹಗಲು ಇರುಳಿನತ್ತ ಸಾಗುವ ದೀರ್ಘ ಪಯಣ ಎಂಬುದು ಈ ಹೆಸರಿನ ಅರ್ಥ. ಅಮೆರಿಕದ ಕುಟುಂಬ ನಾಟಕಗಳ ಪೈಕಿ ಇದಕ್ಕೆ ಅಗ್ರಸ್ಥಾನ ಕೊಡುವವರು ಅನೇಕರು.

ತಾಲೀಮು ಆರಂಭವಾದ ಮೇಲೆ ಇದರ ಕಷ್ಟ ತಿಳಿಯುತ್ತದೆ. ಕತ್ತರಿಸದೆ ಆಡಿದರೆ ಮೂರೂವರೆ ಗಂಟೆಗೂ ಮೀರುವ ನಾಟಕವಿದು. ಹೇಳಿಕೊಳ್ಳುವಂಥ ಘಟನೆ ನಡೆಯುವುದಿಲ್ಲ, ಬರೀ ಮಾತು. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಒಬ್ಬರನ್ನೊಬ್ಬರು ದೂರುತ್ತಾರೆ, ಮರುಕ್ಷಣವೇ ಪಶ್ಚಾತ್ತಾಪಪಡುತ್ತಾರೆ, ಮತ್ತೆ ದೂರುತ್ತಾರೆ. ಅಪ್ಪನನ್ನು ನಗೆಪಾಟಲಿನ ಜಿಪುಣನನ್ನಾಗಿ ಮಾಡುವುದು, ಅಮ್ಮನನ್ನು ಹುಚ್ಚಿಯಂತೆ ತೋರಿಸುವುದು, ಅಣ್ಣನನ್ನು ಕುಡುಕನ ಹಾಸ್ಯಪಾತ್ರಕ್ಕೆ ಇಳಿಸುವುದು ಸುಲಭ. ಹಾಗೆ ಮಾಡಿದ ತಂಡ ನಾಟಕವನ್ನು ಕಳೆದುಕೊಳ್ಳುತ್ತದೆ. ಏಕೆಂದರೆ ಈ ಮನೆಯಲ್ಲಿ ಖಳನಾಯಕ ಎಂಬುವನೇ ಇಲ್ಲ. ಇದು ಓನೀಲ್ ಅವರ ಸ್ವಂತ ಮನೆ, ಅವರ ತಂದೆ, ತಾಯಿ, ಅಣ್ಣ. ಆದುದರಿಂದ ಈ ನಾಟಕದ ಸಿದ್ಧತೆ ಎಂದರೆ ಮೊದಲು ಆ ಮನೆಯ ಪರಿಚಯ ಮಾಡಿಕೊಳ್ಳುವುದು ಎಂದು ನಾವು ಭಾವಿಸುತ್ತೇವೆ. ಒಂದು ಕಥೋಲಿಕ ಕುಟುಂಬದ ಈ ಕಥೆಯನ್ನು ಓದುಗರ ಮುಂದಿಡುವುದು ನಮ್ಮ ಉದ್ದೇಶ.

ತಂದೆ ಮತ್ತು ತಾಯಿ

ತಂದೆ ಜೇಮ್ಸ್ ಓನೀಲ್ ಹುಟ್ಟಿದ್ದು ಐರ್ಲೆಂಡಿನ ಕಿಲ್ಕೆನಿ ಪ್ರಾಂತದಲ್ಲಿ. ಅವರು ಬಾಲಕರಾಗಿದ್ದಾಗ ಕುಟುಂಬ ಅಮೆರಿಕಕ್ಕೆ ವಲಸೆ ಬಂದು ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ನೆಲೆಸಿತು. ಅವರ ತಂದೆ ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಐರ್ಲೆಂಡಿಗೆ ಮರಳಿ ಅಲ್ಲಿ ಮೃತಪಟ್ಟರು. ಜೇಮ್ಸ್ ಎಳೆಯ ವಯಸ್ಸಿನಲ್ಲೇ ದುಡಿಮೆಗೆ ಇಳಿಯಬೇಕಾಯಿತು. ಆ ದಿನಗಳ ಬಡತನದ ಭಯ ಅವರನ್ನು ಸಾಯುವ ತನಕ ಬಿಡಲಿಲ್ಲ. ಮನೆಯಲ್ಲಿ ಅನಗತ್ಯ ದೀಪ ಉರಿಯುವುದನ್ನು ಸಹಿಸದ, ಸಿಕ್ಕ ಜಮೀನನ್ನೆಲ್ಲ ಕೊಳ್ಳುವ ನಾಟಕದ ಅಪ್ಪ ಈ ಬಾಲಕನೇ.

ಜೇಮ್ಸ್ ಒಳ್ಳೆಯ ನಟರಾದರು. 1874ರಲ್ಲಿ ಶಿಕಾಗೋದಲ್ಲಿ ಆ ಕಾಲದ ಮಹಾನ್ ನಟ ಎಡ್ವಿನ್ ಬೂತ್ ಅವರೊಂದಿಗೆ ಶೇಕ್ಸ್‌ಪಿಯರನ ಒಥೆಲೋ ನಾಟಕದಲ್ಲಿ ಪಾತ್ರಗಳನ್ನು ಅದಲು ಬದಲು ಮಾಡಿಕೊಂಡು ಅಭಿನಯಿಸಿದರು. 1879ರಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ಪ್ರಭು ಯೇಸುವಿನ ಯಾತನೆಯ ನಾಟಕದಲ್ಲಿ ಯೇಸುವಿನ ಪಾತ್ರ ವಹಿಸಿದರು. ದೇವಪುತ್ರನನ್ನು ರಂಗದ ಮೇಲೆ ತರುವುದಕ್ಕೆ ನಗರದಲ್ಲಿ ವಿರೋಧವೆದ್ದು ಅವರನ್ನು ಬಂಧಿಸಿ ದಂಡ ವಿಧಿಸಲಾಯಿತು ಎಂಬುದು ಇಂದು ಹಲವರಿಗೆ ತಿಳಿಯದ ಸಂಗತಿ. 1883ರಲ್ಲಿ ಅವರಿಗೆ ದ ಕೌಂಟ್ ಆಫ್ ಮಾಂಟೆ ಕ್ರಿಸ್ಟೋ ನಾಟಕದ ಮುಖ್ಯ ಪಾತ್ರ ದೊರೆಯಿತು. ಜನ ಮುಗಿಬಿದ್ದರು. ನಾಟಕದ ಹಕ್ಕನ್ನೇ ಕೊಂಡುಕೊಂಡು ಊರೂರು ಸುತ್ತಿ ಸಾವಿರಾರು ಬಾರಿ ಅದೇ ಪಾತ್ರ ಮಾಡಿದರು. ಹಣ ಬಂತು, ಆದರೆ ಬೇರೆ ಪಾತ್ರದಲ್ಲಿ ಅವರನ್ನು ನೋಡಲು ಜನ ಒಪ್ಪಲಿಲ್ಲ. ದೊಡ್ಡ ನಟನಾಗಬಹುದಾಗಿದ್ದವನು ಹಣಕ್ಕೆ ತನ್ನನ್ನು ಮಾರಿಕೊಂಡೆನೆಂಬ ಕೊರಗು ಅವರಲ್ಲಿ ಉಳಿಯಿತು.

ತಾಯಿ ಮೇರಿ ಎಲೆನ್ ಕ್ವಿನ್ಲನ್, ಮನೆಯವರಿಗೆ ಎಲ್ಲಾ. ಇಂಡಿಯಾನಾ ರಾಜ್ಯದಲ್ಲಿ ಹೋಲಿ ಕ್ರಾಸ್ ಸಭೆಯ ಧರ್ಮಭಗಿನಿಯರು ನಡೆಸುತ್ತಿದ್ದ ಸೇಂಟ್ ಮೇರೀಸ್ ಅಕಾಡೆಮಿಯಲ್ಲಿ ಅವರು ಓದಿದರು, ಪಿಯಾನೋ ಕಲಿತು 1875ರಲ್ಲಿ ಶಿಕ್ಷಣ ಮುಗಿಸಿದರು. ಅದಕ್ಕೆ ಒಂದು ವರ್ಷ ಮೊದಲು ಅವರ ತಂದೆ ಕ್ಷಯರೋಗದಿಂದ ತೀರಿಕೊಂಡಿದ್ದರು. 1877ರಲ್ಲಿ ನ್ಯೂಯಾರ್ಕಿನ ಸೇಂಟ್ ಆ್ಯನ್ಸ್ ಚರ್ಚಿನಲ್ಲಿ ಜೇಮ್ಸ್ ಅವರೊಂದಿಗೆ ವಿವಾಹವಾಯಿತು. ಕಾನ್ವೆಂಟಿನ ಶಾಂತ ವಾತಾವರಣದಲ್ಲಿ ಬೆಳೆದ ಯುವತಿ ರೈಲು, ಹೋಟೆಲು, ನಾಟಕ ಮಂದಿರಗಳ ಅಲೆಮಾರಿ ಬದುಕಿಗೆ ಬಂದರು.

ಅವರಿಗೆ ಮೂವರು ಗಂಡುಮಕ್ಕಳು. ಹಿರಿಯ ಜೇಮೀ 1878ರಲ್ಲಿ, ಎರಡನೆಯವ ಎಡ್ಮಂಡ್ 1883ರಲ್ಲಿ ಹುಟ್ಟಿದರು. 1885ರಲ್ಲಿ ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಎಲ್ಲಾ ಗಂಡನ ಜೊತೆ ಪ್ರವಾಸದಲ್ಲಿದ್ದಾಗ ಜೇಮೀಗೆ ದಡಾರ ಬಂತು. ಅದು ಮಗುವಿಗೂ ತಗಲಿ ಎಡ್ಮಂಡ್ ಅಸುನೀಗಿದ. ಮಗುವನ್ನು ಬಿಟ್ಟು ಹೋದೆನೆಂದು ತಾಯಿ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ. ಏಳು ವರ್ಷ ತುಂಬದ ಜೇಮೀಯ ಮೇಲೂ ದೋಷ ಬಿತ್ತು.

1888ರ ಅಕ್ಟೋಬರ್ 16ರಂದು ನ್ಯೂಯಾರ್ಕಿನ ಬ್ರಾಡ್‌ವೇಯ ಹೋಟೆಲೊಂದರಲ್ಲಿ ಯೂಜೀನ್ ಹುಟ್ಟಿದರು. ಕಷ್ಟದ ಹೆರಿಗೆಯ ನೋವಿಗೆ ವೈದ್ಯರು ಮಾರ್ಫೀನ್ ಕೊಟ್ಟರು. 1914ರಲ್ಲಿ ಹ್ಯಾರಿಸನ್ ಕಾಯಿದೆ ಬರುವ ತನಕ ಅಮೆರಿಕದಲ್ಲಿ ಇಂತಹ ಔಷಧಗಳು ಸುಲಭವಾಗಿ ಸಿಗುತ್ತಿದ್ದವು. ನೋವು ಹೋದ ಮೇಲೂ ಔಷಧ ಬಿಡಲಾಗಲಿಲ್ಲ. ಮುಂದಿನ 25 ವರ್ಷ ಆ ಮನೆ ಒಂದೇ ಗುಟ್ಟನ್ನು ಕಾಪಾಡುತ್ತಾ ಬದುಕಿತು.

ನಂಬಿಕೆ ಕಳೆದುಕೊಂಡ ಹುಡುಗ

ಏಳನೆಯ ವಯಸ್ಸಿಗೆ ಯೂಜೀನ್ ಅವರನ್ನು ನ್ಯೂಯಾರ್ಕಿನ ಮೌಂಟ್ ಸೇಂಟ್ ವಿನ್ಸೆಂಟಿನಲ್ಲಿ ಸಿಸ್ಟರ್ಸ್ ಆಫ್ ಚಾರಿಟಿ ಭಗಿನಿಯರು ನಡೆಸುತ್ತಿದ್ದ ವಸತಿ ಶಾಲೆಗೆ ಸೇರಿಸಲಾಯಿತು. ಅಲ್ಲೇ 1900ರಲ್ಲಿ ಪ್ರಥಮ ಪರಮಪ್ರಸಾದ ಸ್ವೀಕರಿಸಿದರು. ಆಮೇಲೆ ದಿ ಲಾಸಾಲ್ ಬ್ರದರ್‌ಗಳ ಶಾಲೆ. ತಾಯಿಗೆ ಏನೋ ಕಾಯಿಲೆ ಎಂದಷ್ಟೇ ಹುಡುಗನಿಗೆ ಗೊತ್ತಿತ್ತು. 1903ರ ಬೇಸಗೆಯಲ್ಲಿ ನ್ಯೂ ಲಂಡನ್ ಊರಿನ ಅವರ ಮನೆಯಲ್ಲಿ ಮಾರ್ಫೀನ್ ಮುಗಿದ ಒಂದು ರಾತ್ರಿ ತಾಯಿ ನದಿಗೆ ಹಾರಲು ಓಡಿದರು. ಇನ್ನು ಮುಚ್ಚಿಡುವಂತಿರಲಿಲ್ಲ. ಅಪ್ಪ ಮತ್ತು ಅಣ್ಣ ನಿಜ ಹೇಳಿದರು. ತಾಯಿಯ ಈ ಸ್ಥಿತಿ ಶುರುವಾದದ್ದು ತನ್ನ ಹುಟ್ಟಿನಿಂದ ಎಂಬುದೂ ತಿಳಿಯಿತು. ಇದಾದ ಮೇಲೆ ಅವರು ಭಾನುವಾರದ ಬಲಿಪೂಜೆಗೆ ಹೋಗಲು ನಿರಾಕರಿಸಿದರು. ತಾಯಿಗಾಗಿ ಮಾಡಿದ ಪ್ರಾರ್ಥನೆ ಫಲಿಸಲಿಲ್ಲವೆಂಬ ಸಿಟ್ಟು ಅವರ ಮನಸ್ಸಿನಲ್ಲಿ ಗಟ್ಟಿಯಾಯಿತು.

ಮುಂದಿನ ವರ್ಷಗಳು ಅಲೆದಾಟದವು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಒಂದು ವರ್ಷವೂ ಸರಿಯಾಗಿ ನಿಲ್ಲಲಿಲ್ಲ. 1909ರಲ್ಲಿ ಮದುವೆಯಾಗಿ, ಪತ್ನಿಯನ್ನು ಬಿಟ್ಟು ಚಿನ್ನ ಹುಡುಕಲು ಹೊಂಡುರಾಸಿಗೆ ಹೋದರು. 1910ರಲ್ಲಿ ನಾರ್ವೆಯ ಹಾಯಿಹಡಗೊಂದರಲ್ಲಿ ಬ್ಯೂನಸ್ ಐರಿಸಿಗೆ ತೆರಳಿ ಅಲ್ಲಿನ ಬಂದರಿನಲ್ಲಿ ಹಸಿದು ತಿರುಗಿದರು. ಮರಳಿ ನ್ಯೂಯಾರ್ಕಿನ ಬಂದರು ಬದಿಯ ಅಗ್ಗದ ಹೆಂಡದಂಗಡಿಯೊಂದರ ಮೇಲಿನ ಕೋಣೆಯಲ್ಲಿ ಉಳಿದರು. ಅಲ್ಲಿ ಒಮ್ಮೆ ಆತ್ಮಹತ್ಯೆಗೂ ಯತ್ನಿಸಿದರು. 1912ರಲ್ಲಿ ಮನೆಗೆ ಬಂದು ಸ್ಥಳೀಯ ಪತ್ರಿಕೆಯಲ್ಲಿ ವರದಿಗಾರರಾಗಿದ್ದಾಗ ಕ್ಷಯರೋಗ ಪತ್ತೆಯಾಯಿತು. ಅಪ್ಪ ಮೊದಲು ಸರಕಾರಿ ಚಿಕಿತ್ಸಾಲಯಕ್ಕೆ ಕಳುಹಿಸಿದರು. ಒಂದೆರಡು ದಿನಗಳಲ್ಲೇ ಅಲ್ಲಿಂದ ಹೊರಬಂದ ಯೂಜೀನ್ ಕ್ರಿಸ್ಮಸ್ ಮುನ್ನಾದಿನ ಗೇಲಾರ್ಡ್ ಫಾರ್ಮ್ ಎಂಬ ಇನ್ನೊಂದು ಚಿಕಿತ್ಸಾಲಯಕ್ಕೆ ಸೇರಿದರು. ಹಾಸಿಗೆಯಲ್ಲಿದ್ದ ಆ ತಿಂಗಳುಗಳಲ್ಲಿ ಓದಿದರು, ಯೋಚಿಸಿದರು. ನಾಟಕಕಾರನಾಗಬೇಕೆಂಬ ನಿರ್ಧಾರ ಅಲ್ಲಿ ಮೂಡಿತು.

ಮೀನಿನ ಧಕ್ಕೆಯ ಮೇಲೊಂದು ರಂಗಮಂದಿರ

ಇಷ್ಟು ದೊಡ್ಡ ನಾಟಕಕಾರನಿಗೆ ಮೊದಲ ಅವಕಾಶ ಕೊಟ್ಟದ್ದು ವೃತ್ತಿಪರ ಕಂಪೆನಿಯಲ್ಲ, ಒಂದು ಹವ್ಯಾಸಿ ತಂಡ ಎಂಬುದು ಗಮನಾರ್ಹ. ಮಸಾಚುಸೆಟ್ಸ್ ರಾಜ್ಯದ ಪ್ರಾವಿನ್ಸ್‌ಟೌನ್ ಪೋರ್ಚುಗೀಸ್ ಮೂಲದ ಬೆಸ್ತರು ಹೆಚ್ಚಾಗಿದ್ದ ಕಡಲತಡಿಯ ಊರು. ಬೇಸಗೆ ಕಳೆಯಲು ಅಲ್ಲಿಗೆ ಬರುತ್ತಿದ್ದ ಲೇಖಕರೂ ಕಲಾವಿದರೂ 1915ರಲ್ಲಿ ತಮ್ಮ ಸಂತೋಷಕ್ಕಾಗಿ ನಾಟಕ ಆಡತೊಡಗಿದರು. ಜಾರ್ಜ್ ಕ್ರಾಮ್ ಕುಕ್ ಮತ್ತು ಅವರ ಪತ್ನಿ, ಲೇಖಕಿ ಸೂಸನ್ ಗ್ಲಾಸ್ಪೆಲ್ ಇದರ ಮುಂದಾಳುಗಳು. ಲೇಖಕಿ ಮೇರಿ ಹೀಟನ್ ವೋರ್ಸ್ ಅವರಿಗೆ ಸೇರಿದ ಹಳೆಯ ಧಕ್ಕೆಯ ಮೇಲಿನ ಮೀನಿನ ಕೊಟ್ಟಿಗೆಯೇ ಅವರ ರಂಗಮಂದಿರವಾಯಿತು. ಕುಳಿತುಕೊಳ್ಳಲು ಬೆಂಚುಗಳು. ರಂಗದ ಹಿಂಬದಿಯ ದೊಡ್ಡ ಬಾಗಿಲು ಸರಿಸಿದರೆ ಎದುರಿಗೆ ಕಡಲು.

1916ರ ಬೇಸಗೆಯಲ್ಲಿ ಓನೀಲ್ ಅಲ್ಲಿಗೆ ಬಂದರು. ತಂಡದವರಿಗೆ ನಾಟಕ ಬೇಕಿತ್ತು. ಗ್ಲಾಸ್ಪೆಲ್ ಅವರ ಮನೆಯಲ್ಲಿ ಓನೀಲರ ಬೌಂಡ್ ಈಸ್ಟ್ ಫಾರ್ ಕಾರ್ಡಿಫ್ ಎಂಬ ಏಕಾಂಕವನ್ನು ಓದಲಾಯಿತು. ನಾಚಿಕೆ ಸ್ವಭಾವದ ಲೇಖಕರು ತಾವೇ ಓದಲಿಲ್ಲ. ಬೇರೊಬ್ಬರು ಓದುವಾಗ ಪಕ್ಕದ ಕೋಣೆಯಲ್ಲಿ ಕುಳಿತಿದ್ದರು. ಓದು ಮುಗಿದಾಗ ತಮಗೆ ಸಿಕ್ಕಿದ್ದು ಏನೆಂದು ಎಲ್ಲರಿಗೂ ಅರ್ಥವಾಯಿತು. ಜುಲೈ 28ರಂದು ಪ್ರದರ್ಶನ ನಡೆಯಿತು. ಹಡಗಿನೊಳಗೆ ಸಾಯುತ್ತಿರುವ ನಾವಿಕನೊಬ್ಬನ ಕಥೆ ರಂಗದ ಮೇಲೆ ನಡೆಯುವಾಗ ಹಲಗೆಯ ಕೆಳಗೆ ನಿಜವಾದ ಕಡಲು ಬಡಿಯುತ್ತಿತ್ತು. ಸಣ್ಣ ಪಾತ್ರವೊಂದನ್ನು ಓನೀಲರೇ ಮಾಡಿದರು, ಅವರಿಗಿದ್ದದ್ದು ಒಂದೇ ಮಾತು.

ಆ ಚಳಿಗಾಲದಲ್ಲಿ ತಂಡ ನ್ಯೂಯಾರ್ಕಿನ ಮೆಕ್‌ಡೂಗಲ್ ಬೀದಿಗೆ ಬಂತು. ನಾಟಕ ಬರೆದವರೇ ಅದರ ತಯಾರಿಯ ಹೊಣೆ ಹೊರಬೇಕೆಂಬುದು ತಂಡದ ನಿಯಮವಾಗಿತ್ತು. ಗಂಡ ಹೆಂಡಿರ ವಿರಸದ ಕಥೆಯುಳ್ಳ ಬಿಫೋರ್ ಬ್ರೇಕ್‌ಫಸ್ಟ್ ಎಂಬ ಸಣ್ಣ ನಾಟಕದ ತಾಲೀಮು ನಡೆಯುತ್ತಿದ್ದಾಗ ಒಂದು ದಿನ ತಂದೆ ಜೇಮ್ಸ್ ಓನೀಲ್ ಬಂದರು. ಅರ್ಧ ಶತಮಾನದ ರಂಗಾನುಭವದಿಂದ ನಟಿಗೆ ಕೈ ಎತ್ತುವುದು, ಧ್ವನಿ ಏರಿಸುವುದು ಹೀಗೆಂದು ತೋರಿಸಿದರು. ಮಗನಿಗೆ ಬೇಕಾಗಿದ್ದು ಆ ಹಳೆಯ ಶೈಲಿ ಅಲ್ಲ. ಇಬ್ಬರಿಗೂ ಸರಿಬೀಳಲಿಲ್ಲ. ಆದರೂ ಮಗ ಆರಿಸಿಕೊಂಡ ದಾರಿಯನ್ನು ನೋಡಲು ತಂದೆ ಬಂದಿದ್ದರು ಎಂಬುದನ್ನು ನಾವು ಮರೆಯಬಾರದು. 1920ರ ಫೆಬ್ರವರಿಯಲ್ಲಿ ಓನೀಲರ ಬಿಯಾಂಡ್ ದ ಹೊರೈಜನ್ ಬ್ರಾಡ್‌ವೇಯಲ್ಲಿ ರಂಗಕ್ಕೆ ಬಂದಾಗಲೂ ತಂದೆ ನೋಡಲು ಹೋಗಿದ್ದರು. ಆ ನಾಟಕಕ್ಕೆ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. ಅದೇ ವರ್ಷ ಆಗಸ್ಟಿನಲ್ಲಿ ಜೇಮ್ಸ್ ನಿಧನರಾದರು.

ನಾಟಕದಲ್ಲಿ ಇಲ್ಲದ ಬಿಡುಗಡೆ

ತಾಯಿಯ ಪಾತ್ರ ವಹಿಸುವವರು ತಿಳಿದಿರಬೇಕಾದ ಒಂದು ಸಂಗತಿ ಇದೆ. ನಾಟಕ ನಡೆಯುವುದು 1912ರ ಆಗಸ್ಟ್ ತಿಂಗಳ ಒಂದೇ ದಿನ, ಬೆಳಗಿನಿಂದ ನಡುರಾತ್ರಿಯ ತನಕ. ಚಿಕಿತ್ಸೆ ಮುಗಿಸಿ ಬಂದಿದ್ದ ತಾಯಿ ಆ ದಿನ ಮತ್ತೆ ಮಾರ್ಫೀನಿಗೆ ಜಾರುತ್ತಾರೆ. ಕೊನೆಯಲ್ಲಿ ಮದುವೆಯ ಉಡುಪನ್ನು ಕೈಯಲ್ಲಿ ಹಿಡಿದು, ಕಾನ್ವೆಂಟಿನ ವಿದ್ಯಾರ್ಥಿನಿಯಾಗಿ ಮಾತೆ ಮರಿಯಮ್ಮನವರಿಗೆ ಪ್ರಾರ್ಥಿಸುತ್ತಿದ್ದ ದಿನಗಳ ನೆನಪಿನಲ್ಲಿ ಕಳೆದುಹೋಗಿ ಕೆಳಗಿಳಿದು ಬರುತ್ತಾರೆ. ಅಲ್ಲಿಗೆ ತೆರೆ ಬೀಳುತ್ತದೆ.

ನಿಜ ಜೀವನದಲ್ಲಿ ತೆರೆ ಅಲ್ಲಿ ಬೀಳಲಿಲ್ಲ. 1914ರಲ್ಲಿ ಎಲ್ಲಾ ಓನೀಲ್ ಕಾನ್ವೆಂಟೊಂದರಲ್ಲಿ ಧರ್ಮಭಗಿನಿಯರ ಆಸರೆಯಲ್ಲಿದ್ದು ಮಾರ್ಫೀನಿನಿಂದ ಮುಕ್ತರಾದರು. ಗಂಡ ತೀರಿಕೊಂಡ ಮೇಲೆ ಅವರ ಗೋಜಲಾದ ಆಸ್ತಿ ವ್ಯವಹಾರವನ್ನು ಸಮರ್ಥವಾಗಿ ನೋಡಿಕೊಂಡರು. ತಾಯಿಯ ಜೊತೆಗಿದ್ದ ಜೇಮೀ ಅವರೂ ಕುಡಿತ ಬಿಟ್ಟರು. 1922ರಲ್ಲಿ ತಾಯಿ ಲಾಸ್ ಏಂಜಲೀಸಿನಲ್ಲಿ ಮೃತಪಟ್ಟಾಗ ಜೇಮೀ ಮತ್ತೆ ಕುಡಿತಕ್ಕೆ ಬಿದ್ದು 1923ರಲ್ಲಿ ಸತ್ತರು. ಮೂರು ವರ್ಷಗಳಲ್ಲಿ ಯೂಜೀನ್ ತಂದೆ, ತಾಯಿ, ಅಣ್ಣ ಮೂವರನ್ನೂ ಕಳೆದುಕೊಂಡರು.

ಹೆಸರು ಮಾತ್ರ ಬೆಳೆಯುತ್ತಲೇ ಇತ್ತು. 1922 ಮತ್ತು 1928ರಲ್ಲಿ ಮತ್ತೆರಡು ಪುಲಿಟ್ಜರ್, 1936ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂದವು. 1933ರಲ್ಲಿ ಆ, ವೈಲ್ಡರ್‌ನೆಸ್ ಎಂಬ ಅವರ ಸಂತೋಷದ ಕುಟುಂಬ ನಾಟಕ ರಂಗಕ್ಕೆ ಬಂತು. ತಮಗೆ ಸಿಗದ ಬಾಲ್ಯವನ್ನು ಅದರಲ್ಲಿ ಕಲ್ಪಿಸಿಕೊಂಡರು. 1934ರ ಡೇಸ್ ವಿದೌಟ್ ಎಂಡ್ ನಾಟಕದಲ್ಲಿ ನಂಬಿಕೆ ಕಳೆದುಕೊಂಡ ನಾಯಕ ಕೊನೆಗೆ ಶಿಲುಬೆಯ ಪಾದಕ್ಕೆ ಬರುತ್ತಾನೆ. ಓನೀಲರೂ ಧರ್ಮಸಭೆಗೆ ಮರಳುವರೆಂದು ಅನೇಕ ಕಥೋಲಿಕರು ಆಶಿಸಿದರು. ಹಾಗಾಗಲಿಲ್ಲ.

ಕಣ್ಣೀರಿನಲ್ಲಿ ಬರೆದ ನಾಟಕ

1939ರಿಂದ 1941ರ ತನಕ ಕ್ಯಾಲಿಫೋರ್ನಿಯಾದ ತಮ್ಮ ಟಾವೋ ಹೌಸ್ ಎಂಬ ಮನೆಯಲ್ಲಿ ಓನೀಲ್ ಈ ನಾಟಕ ಬರೆದರು. ಕೈ ನಡುಗುವ ಕಾಯಿಲೆ ಆಗಲೇ ಕಾಡುತ್ತಿತ್ತು. ಅಕ್ಷರಗಳು ಸಣ್ಣದಾಗುತ್ತಾ ಹೋದವು. ದಿನದ ಬರವಣಿಗೆ ಮುಗಿಸಿ ಹೊರಬರುವಾಗ ಅತ್ತು ಅವರ ಕಣ್ಣು ಕೆಂಪಾಗಿರುತ್ತಿತ್ತು ಎಂದು ಮೂರನೆಯ ಪತ್ನಿ ಕಾರ್ಲೊಟ್ಟಾ ನಂತರ ನೆನೆದಿದ್ದಾರೆ. 1941ರ ಜುಲೈ 22ರಂದು, ತಮ್ಮ ಮದುವೆಯ ಹನ್ನೆರಡನೆಯ ವಾರ್ಷಿಕ ದಿನ, ಹಸ್ತಪ್ರತಿಯನ್ನು ಆಕೆಗೆ ಅರ್ಪಿಸಿದರು.

ನಾಟಕದಲ್ಲಿ ಕುಟುಂಬದ ಹೆಸರು ಟೈರೋನ್. ತಮ್ಮನ್ನೇ ಹೋಲುವ ಕಿರಿಯ ಮಗನಿಗೆ ಓನೀಲ್ ಎಡ್ಮಂಡ್ ಎಂಬ ಹೆಸರಿಟ್ಟರು, ಅಂದರೆ ಸತ್ತ ಅಣ್ಣನ ಹೆಸರು. ಶೈಶವದಲ್ಲಿ ಸತ್ತ ಮಗುವಿಗೆ ಯೂಜೀನ್ ಎಂದು ತಮ್ಮ ಹೆಸರನ್ನೇ ಕೊಟ್ಟರು. ತಾನು ಹುಟ್ಟದಿದ್ದರೆ ತಾಯಿಗೆ ಆ ಗತಿ ಬರುತ್ತಿರಲಿಲ್ಲ ಎಂಬ ಮಗನ ನೋವು ಈ ಅದಲು ಬದಲಿನಲ್ಲಿ ಇದೆ ಎಂದು ನಮಗನಿಸುತ್ತದೆ. ಆದರೆ ನಾಟಕ ಬರೀ ನೋವಿನದಲ್ಲ. ನಾಲ್ಕನೆಯ ಅಂಕದಲ್ಲಿ ಅಪ್ಪ ತನ್ನ ಬಾಲ್ಯದ ಬಡತನವನ್ನು ಮಗನ ಮುಂದೆ ತೆರೆದಿಡುತ್ತಾನೆ, ಮಗ ಮೊದಲ ಬಾರಿಗೆ ಅಪ್ಪನನ್ನು ಅರ್ಥ ಮಾಡಿಕೊಳ್ಳುತ್ತಾನೆ. ಜಿಪುಣತನದ ಹಿಂದೆ ಹಸಿದ ಬಾಲಕ ಕಾಣುತ್ತಾನೆ. ತಂಡಗಳು ಹೆಚ್ಚು ದಿನ ತಾಲೀಮು ಮಾಡಬೇಕಾದದ್ದು ಈ ದೃಶ್ಯವನ್ನು. ಮಾತು ಕಂಠಪಾಠವಾದರೆ ಸಾಲದು, ಒಬ್ಬರು ಮಾತನಾಡುವಾಗ ಇನ್ನೊಬ್ಬರು ನಿಜವಾಗಿ ಕೇಳಿಸಿಕೊಳ್ಳಬೇಕು.

ಈ ನಾಟಕ ತಮ್ಮ ಮರಣದ ನಂತರ 25 ವರ್ಷ ಹೊರಬರಬಾರದೆಂದು ಓನೀಲ್ 1945ರಲ್ಲಿ ಪ್ರತಿಯನ್ನು ಮೊಹರು ಮಾಡಿ ರ‍್ಯಾಂಡಮ್ ಹೌಸ್ ಪ್ರಕಾಶನದ ವಶಕ್ಕೆ ಕೊಟ್ಟರು. 1953ರ ನವೆಂಬರ್ 27ರಂದು ಬಾಸ್ಟನ್ನಿನ ಹೋಟೆಲೊಂದರಲ್ಲಿ ಅವರು ನಿಧನರಾದರು. ಹೋಟೆಲಿನಲ್ಲಿ ಹುಟ್ಟಿದವರು ಹೋಟೆಲಿನಲ್ಲೇ ಕಣ್ಣುಮುಚ್ಚಿದರು. ಅವರ ಇಚ್ಛೆಯಂತೆ ಧಾರ್ಮಿಕ ವಿಧಿಗಳಿಲ್ಲದೆ ಅಂತ್ಯಸಂಸ್ಕಾರ ನಡೆಯಿತು. ಪ್ರಕಾಶಕರು ಮೊಹರು ಒಡೆಯಲು ಒಪ್ಪದಿದ್ದಾಗ ಕಾರ್ಲೊಟ್ಟಾ ಹಕ್ಕನ್ನು ಯೇಲ್ ವಿಶ್ವವಿದ್ಯಾನಿಲಯಕ್ಕೆ ನೀಡಿದರು. 1956ರ ಫೆಬ್ರವರಿ 10ರಂದು ಸ್ಟಾಕ್‌ಹೋಮಿನಲ್ಲಿ, ನವೆಂಬರ್ 7ರಂದು ನ್ಯೂಯಾರ್ಕಿನಲ್ಲಿ ನಾಟಕ ರಂಗಕ್ಕೇರಿತು. 1957ರಲ್ಲಿ ನಾಲ್ಕನೆಯ ಪುಲಿಟ್ಜರ್ ಮರಣೋತ್ತರವಾಗಿ ಬಂತು.

ಬದುಕಿರುವವರ ಪಾಲು

ಇಷ್ಟಕ್ಕೇ ಮುಗಿಸಿದರೆ ಇದು ಕ್ಷಮೆಯ ಸುಂದರ ಕಥೆಯಾಗುತ್ತಿತ್ತು. ಆದರೆ ಓನೀಲ್ ತಂದೆಯಾಗಿ ಹೇಗಿದ್ದರು ಎಂಬುದನ್ನು ನಾವು ಬಿಡುವಂತಿಲ್ಲ. ನಾಟಕ ಬರೆದು ಎರಡು ವರ್ಷಗಳಲ್ಲಿ, 1943ರಲ್ಲಿ, 18 ವರ್ಷದ ಮಗಳು ಊನಾ ತಮಗಿಂತ ಬಹಳ ಹಿರಿಯರಾದ ಚಿತ್ರನಟ ಚಾರ್ಲಿ ಚಾಪ್ಲಿನ್ ಅವರನ್ನು ಮದುವೆಯಾದರು. ತಂದೆ ಆಕೆಯ ಸಂಪರ್ಕವನ್ನೇ ಕಡಿದುಕೊಂಡರು, ಮತ್ತೆಂದೂ ನೋಡಲಿಲ್ಲ. ಮಗ ಶೇನ್ ಮಾದಕ ವ್ಯಸನಕ್ಕೆ ಬಿದ್ದಾಗ ಅವರನ್ನೂ ದೂರವಿಟ್ಟರು. ಇಬ್ಬರಿಗೂ ಉಯಿಲಿನಲ್ಲಿ ಪಾಲಿರಲಿಲ್ಲ. ಹಿರಿಯ ಮಗ ಯೂಜೀನ್ 1950ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ತಾಯಿಯ ವ್ಯಸನವನ್ನು ಅಷ್ಟು ಕರುಣೆಯಿಂದ ಬರೆದ ಕೈ ಅದೇ ಕಷ್ಟದಲ್ಲಿದ್ದ ಮಗನತ್ತ ಚಾಚಲಿಲ್ಲ. ತಂದೆ, ತಾಯಿ, ಅಣ್ಣ ಸತ್ತು ಸುಮಾರು ಇಪ್ಪತ್ತು ವರ್ಷಗಳ ಮೇಲೆ ಅವರನ್ನು ಕ್ಷಮಿಸಿದ ಓನೀಲ್, ಬದುಕಿದ್ದ ಮಕ್ಕಳನ್ನು ಕ್ಷಮಿಸದೆ ಹೋದರು.

ನ್ಯೂ ಲಂಡನ್ನಿನ ಆ ಮನೆ ಮಾಂಟೆ ಕ್ರಿಸ್ಟೋ ಕಾಟೇಜ್ ಎಂಬ ಹೆಸರಿನಲ್ಲಿ ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಓನೀಲ್ ತಮ್ಮ ನಾಟಕಕ್ಕೆ ಮಾದರಿಯಾಗಿ ಇಟ್ಟುಕೊಂಡದ್ದು ಅದರ ಚಾವಡಿಯನ್ನೇ. ಜಗತ್ತಿನ ಎಲ್ಲೇ ಆಗಲಿ ಹವ್ಯಾಸಿ ತಂಡ ಇದನ್ನು ಆಡಲು ಹೊರಟಾಗ ಪಾತ್ರಧಾರಿಗಳು ಆ ಕೋಣೆಗೆ ಹೋಗಿ ಕುಳಿತುಕೊಳ್ಳುತ್ತಾರೆ. ಹಗಲೆಲ್ಲ ಬೇರೆ ಬೇರೆ ಕೆಲಸ ಮಾಡಿ ಸಂಜೆ ತಾಲೀಮಿಗೆ ಸೇರುವ ಶಿಕ್ಷಕರು, ಗುಮಾಸ್ತರು, ಗೃಹಿಣಿಯರು ತಮ್ಮ ಮನೆಯ ಮೌನಗಳನ್ನೂ ಜೊತೆಗೆ ತಂದಿರುತ್ತಾರೆ. ಕುಡಿತ, ಔಷಧದ ಚಟ, ಮನೋವೇದನೆ, ಆಸ್ತಿಯ ಜಗಳ, ಹೇಳದೆ ಉಳಿದ ದುಃಖ ಇಲ್ಲದ ಕುಟುಂಬಗಳು ಕಡಿಮೆ. ನೆರೆಯವರಿಗೆ ತಿಳಿಯಬಾರದೆಂದು ಎಲ್ಲವನ್ನೂ ಮುಚ್ಚಿಡುವ ಅಭ್ಯಾಸ ಓನೀಲರ ಮನೆಗೆ ಮಾತ್ರ ಸೀಮಿತವಲ್ಲ.

ಎಲ್ಲಾ ಓನೀಲ್ ಅವರಿಗೆ ಬಿಡುಗಡೆ ಸಿಕ್ಕಿದ್ದು ಮನೆಯ ಗುಟ್ಟಿನೊಳಗಲ್ಲ, ಇತರರ ಆಸರೆಯಲ್ಲಿ. ಈ ಒಂದು ಮಾತನ್ನು ತಾಯಿಯ ಪಾತ್ರಧಾರಿ ಮನಸ್ಸಿನಲ್ಲಿಟ್ಟುಕೊಂಡರೆ ಕೊನೆಯ ದೃಶ್ಯದಲ್ಲಿ ಹತಾಶೆಯ ಜೊತೆಗೆ ಸಣ್ಣದೊಂದು ಭರವಸೆಯೂ ಇದ್ದೀತು. ನಾಟಕ ನೋಡಿ ಮನೆಗೆ ಮರಳುವ ಪ್ರೇಕ್ಷಕರು ಅಪ್ಪನ, ಅಮ್ಮನ, ಒಡಹುಟ್ಟಿದವರ, ಮಕ್ಕಳ ಹತ್ತಿರ ಕುಳಿತು ಅವರ ಮಾತನ್ನು ಅವರು ಬದುಕಿರುವಾಗಲೇ ಕೇಳಿಸಿಕೊಂಡರೆ, ತಂಡ ಪಟ್ಟ ಶ್ರಮ ಸಾರ್ಥಕವೆಂದು ನಾವು ತಿಳಿಯುತ್ತೇವೆ.